ಇಲ್ಲಿ ಸೆರಗು ಹೊದಿಸಿಕೊಡಿ

ಜುಲೈ ಬಂತೆಂದರೆ ಪುಣೆಯ ಖಡಕಿಯ ನಮ್ಮ ಫೋಟೋ ಸ್ಟುಡಿಯೋಗೆ ಫ್ಲೆಕ್ಸ್ ಗಿರಾಕಿಗಳ ಕಾಟ. 26ನೇ ತಾರೀಖು ಕಾರ್ಗಿಲ್ ವಿಜಯ ದಿವಸ. ಬರುವವರಲ್ಲಿ ಅರ್ಧ ಜನರಿಗೆ ಕಾರ್ಗಿಲ್ ಎಲ್ಲಿದೆಯೆಂದು ಕೇಳಬಾರದು, ವ್ಯಾಪಾರ ಕೆಡುತ್ತದೆ.

ಸೋಮವಾರ ಬಂದವನು ಹತ್ತಿರದ ಸೊಸೈಟಿಯ ಕಾರ್ಯಕ್ರಮ ಸಮಿತಿಯವನು. ಮೊಬೈಲ್ ಚಾಚಿ, "ಇದನ್ನು ಆರಡಿ ನಾಲ್ಕಡಿಗೆ ಹಿಗ್ಗಿಸಿ. ಈ ತಾಯಿ ನಮ್ಮ ಬಿ ವಿಂಗಿನಲ್ಲೇ ಇದ್ದಾರೆ, ಸನ್ಮಾನ ಇಟ್ಟುಕೊಂಡಿದ್ದೇವೆ" ಎಂದ. 1999ರ ಯಾವುದೋ ಪತ್ರಿಕೆಯ ಕಪ್ಪುಬಿಳುಪು ತುಣುಕು. ಬಾವುಟ ಹೊದಿಸಿದ ಪೆಟ್ಟಿಗೆ, ಅದರ ಮೇಲೆ ಎರಡೂ ಕೈ ಚಾಚಿ ಬಿದ್ದ ಹೆಂಗಸು. ಬಾಯಿ ತೆರೆದಿದೆ. ತುರುಬು ಬಿಚ್ಚಿದೆ. ಇಳಕಲ್ ಸೀರೆಯ ಸೆರಗು ತಲೆಯಿಂದ ಜಾರಿ ತೋಳಿನ ಮೇಲೆ ಬಿದ್ದು, ಅದರ ತೆನೆಗಳು ಬಿಳಿ ಹಲ್ಲಿನ ಸಾಲಿನಂತೆ ಕಾಣುತ್ತಿವೆ. "ಎಂಥ ಭಾವನೆ ಇದೆ ನೋಡಿ!" ಎಂದ ಅವನ ದನಿಯಲ್ಲಿ ಅಗ್ಗಕ್ಕೆ ಸೈಟು ಸಿಕ್ಕವನ ಖುಷಿಯಿತ್ತು.

ಬುಧವಾರ ಮಧ್ಯಾಹ್ನ, ಮಳೆ ಹಿಡಿದುಕೊಂಡಿದ್ದಾಗ, ಆ ಹೆಂಗಸೇ ಬಂದರು. ನನಗೆ ಗುರುತು ಹತ್ತಲಿಲ್ಲ. ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ, "ನಮ್ಮವರೇ ಆದಿರಿ" ಎಂದು ಸ್ಟೂಲಿನ ಮೇಲೆ ಕುಳಿತರು. ಬೈಲಹೊಂಗಲದ ಕಡೆಯವರು, ಈಗ ಮಗಳ ಮನೆಯಲ್ಲಿದ್ದಾರೆ. ಪ್ಲಾಸ್ಟಿಕ್ ಚೀಲ ಬಿಡಿಸಿ ಹೊರತೆಗೆದದ್ದು ಅದೇ ತುಣುಕಿನ ಅಸಲು ಪ್ರತಿ. ಮಡಿಕೆಯ ಗೆರೆ ಸರಿಯಾಗಿ ಪೆಟ್ಟಿಗೆಯ ನಡುವೆ ಹಾದಿತ್ತು. ಗೆರೆ ಅಳಿಸಲು ಬಂದಿರಬೇಕೆಂದುಕೊಂಡೆ. ಅವರು ಬೆರಳಿಟ್ಟದ್ದು ಚಿತ್ರದೊಳಗಿನ ತಮ್ಮ ತಲೆಯ ಮೇಲೆ.

"ಇಲ್ಲಿ ಸೆರಗು ಹೊದಿಸಿಕೊಡಲು ಆಗುತ್ತದೆಯೇ?"

ನನಗೆ ತಟ್ಟನೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು. "ಮಾವ ಇದ್ದರು, ಊರ ಹಿರಿಯರಿದ್ದರು, ದೊಡ್ಡ ಸಾಹೇಬರು ಬಂದಿದ್ದರು. ಮಗ ಮನೆಗೆ ಬಂದ ದಿನ ನಾನು ಹೀಗಿದ್ದೆ. ಪ್ರತಿ ವರ್ಷ ಎಲ್ಲಿಯಾದರೂ ಹಚ್ಚುತ್ತಾರೆ." ಫೋಟೋ ತೆಗೆದವನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಅವನು ಬಂದದ್ದೇ ನೆನಪಿಲ್ಲವಂತೆ. ಫ್ಲೆಕ್ಸ್ ಬೇಡವೆನ್ನಬಹುದಲ್ಲ ಎಂದರೆ, "ಅಳಿಯ ಒಪ್ಪಿಕೊಂಡುಬಿಟ್ಟಿದ್ದಾನೆ. ಹಚ್ಚಲಿ. ಸೆರಗೊಂದು ಇರಲಿ."

ಹಿಂದಿನ ಯುದ್ಧಗಳಲ್ಲಿ ಸತ್ತವರ ಸಂಸ್ಕಾರ ಹೆಚ್ಚಾಗಿ ರಣರಂಗದ ಬಳಿಯೇ ಮುಗಿಯುತ್ತಿತ್ತು, ಮನೆಗೆ ಬರುತ್ತಿದ್ದದ್ದು ತಂತಿ. ಕಾರ್ಗಿಲ್‌ನಲ್ಲಿ ನಮ್ಮವರು 527 ಜನ ಸತ್ತರು. ಆ ಬೇಸಿಗೆ, ಮಳೆಗಾಲದಲ್ಲಿ ಪೆಟ್ಟಿಗೆಗಳು ಊರೂರಿಗೆ ಹೋದವು, ಬೆನ್ನಿಗೇ ಕ್ಯಾಮೆರಾಗಳೂ ಹೋದವು. ಯುದ್ಧದ ಚಿತ್ರ ಅಂಗಳಕ್ಕೆ ಬಂದದ್ದು ಹಾಗೆ. ಗುಡ್ಡ ಹತ್ತಿದವನಿಗೆ ತಾನು ಚಿತ್ರದಲ್ಲಿರುವುದು ಗೊತ್ತಿರುತ್ತದೆ. ಬಾಗಿಲಲ್ಲಿ ನಿಂತ ತಾಯಿಗೆ ಏನು ಗೊತ್ತು?

ಆದರೂ ನನ್ನೊಳಗಿನ ಫೋಟೋದವನು ತಕರಾರು ತೆಗೆದ. ಮದುವೆಯ ಆಲ್ಬಮ್ಮಿನಲ್ಲಿ ಮೊಡವೆ ಒರೆಸುವುದು ನನ್ನ ಅನ್ನ. ಸುದ್ದಿಯ ಚಿತ್ರ ಬೇರೆ, ಅದನ್ನು ಮುಟ್ಟಬಾರದು. 2003ರಲ್ಲಿ ಬಸ್ರಾದ ಬಳಿ ತೆಗೆದ ಎರಡು ಚಿತ್ರಗಳನ್ನು ಬೆಸೆದು ಒಂದು ಮಾಡಿದ ಛಾಯಾಗ್ರಾಹಕನನ್ನು ಲಾಸ್ ಏಂಜಲೀಸ್ ಟೈಮ್ಸ್ ಕೆಲಸದಿಂದಲೇ ಕಿತ್ತುಹಾಕಿತು. 1855ರಲ್ಲಿ ಕ್ರಿಮಿಯಾ ಯುದ್ಧದ ಚಿತ್ರ ತೆಗೆಯಹೋದ ಛಾಯಾಗ್ರಾಹಕ ರೋಜರ್ ಫೆಂಟನ್ ಒಂದೇ ಕಣಿವೆಯನ್ನು ಎರಡು ಸಲ ತೆಗೆದ. ಒಂದರಲ್ಲಿ ರಸ್ತೆ ಖಾಲಿ, ಇನ್ನೊಂದರಲ್ಲಿ ರಸ್ತೆಯ ತುಂಬ ಫಿರಂಗಿ ಗುಂಡುಗಳು. ಗುಂಡುಗಳನ್ನು ಅವನೇ ಉರುಳಿಸಿದನೇ ಎಂಬ ಜಗಳ ಇಂದಿಗೂ ನಿಂತಿಲ್ಲ.

ಜಗಳವೆಲ್ಲ ತೆಗೆದವರದ್ದೇ. 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಬಾಂಬಿನ ಬೆಂಕಿಯಿಂದ ಸುಟ್ಟುಕೊಂಡು ಬರಿಮೈಯಲ್ಲಿ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್ ಯಾರಿಗೆ ಗೊತ್ತಿಲ್ಲ? ಆ ಚಿತ್ರವನ್ನು ತೆಗೆದವರು ಯಾರೆಂಬ ವಿವಾದ ಎದ್ದು, 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಅಲ್ಲಿಯವರೆಗೆ ಅದರ ಛಾಯಾಗ್ರಾಹಕನೆಂದು ನಮೂದಾಗಿದ್ದ ನಿಕ್ ಉಟ್ ಹೆಸರನ್ನು ತಡೆಹಿಡಿಯಿತು. ಆ ಹುಡುಗಿಯಾದರೋ ಬೆಳೆಯುತ್ತ ಆ ಚಿತ್ರವನ್ನು ದ್ವೇಷಿಸಿದ್ದಾಗಿ, ತನ್ನ ಬೆತ್ತಲೆಗೆ ನಾಚಿದ್ದಾಗಿ 2022ರಲ್ಲಿ ಬರೆದಳು. ಆಗ ಅದನ್ನು ಓದಿ ಪುಟ ಮಗುಚಿದ್ದೆ. ಈಗ ಆ ನಾಚಿಕೆಯೇ ನನ್ನ ಸ್ಟೂಲಿನ ಮೇಲೆ ಕೊಡೆಯಿಂದ ನೀರು ತೊಟ್ಟಿಕ್ಕಿಸುತ್ತ ಕುಳಿತಿತ್ತು.

ಹೊಸದೇನೂ ಅಲ್ಲ. ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ, 1974ರಿಂದ. ಅಲ್ಲಿಂದ ನಮ್ಮಲ್ಲಿಗೆ ಬರುವವರು ಹೇಳುವುದು ಒಂದೇ: ಗಾಲಿಕುರ್ಚಿಯ ಹಿಡಿಕೆ ಚಿತ್ರದಲ್ಲಿ ಬರಬಾರದು. ಮರುಮಾತಿಲ್ಲದೆ ತೆಗೆದುಕೊಡುತ್ತೇನೆ. ಅವರ ಫೋಟೋ ಬೇಕೆಂದು ಯಾವ ಸಮಿತಿಯವನೂ ಈವರೆಗೆ ಬಂದಿಲ್ಲ.

"ಬಾಯಿಯನ್ನೂ ಮುಚ್ಚಿಸಲೇ?" ಎಂದು ಕೇಳಿದೆ.

"ಅದು ಇರಲಿ. ಅತ್ತದ್ದು ನಿಜವಲ್ಲವೇ?"

ತಕರಾರು ಅಲ್ಲಿಗೆ ಮುಗಿಯಿತು. ಅವತ್ತೂ ಅವರು ಉಟ್ಟಿದ್ದು ಇಳಕಲ್ ಸೀರೆಯೇ. ತಲೆಯ ಮೇಲೆ ಸೆರಗೆಳೆದುಕೊಂಡು, ಹಣೆಯ ಮೇಲೆ ಎರಡು ಬೆರಳಿನಷ್ಟು ಬಿಟ್ಟು, ಅಂಚನ್ನು ಕಿವಿಯ ಹಿಂದೆ ಒತ್ತಿಕೊಂಡರು. ಆ ಕೈಗೆ ಕನ್ನಡಿ ಬೇಕಾಗಲಿಲ್ಲ. ನಾಲ್ಕು ಕೋನಗಳಿಂದ ತೆಗೆದೆ. ರಾತ್ರಿ ಜೋಡಿಸಲು ಕುಳಿತರೆ ಹೊಸ ಸೆರಗು ತೀರಾ ನಯ, ಹಳೆಯ ಸುದ್ದಿಕಾಗದದ ಚುಕ್ಕೆಗಳು ಅದರಲ್ಲಿಲ್ಲ. ಒಂದೊಂದೇ ಚುಕ್ಕೆ ಕೂರಿಸಿ ಮುಗಿಸುವಾಗ ಹನ್ನೊಂದೂವರೆ. ತೋಳಿನ ಮೇಲಿದ್ದ ತೆನೆಗಳನ್ನು ಅಳಿಸುವಾಗ ಮಾತ್ರ ಕೈ ಸ್ವಲ್ಪ ಹಿಂಜರಿಯಿತು. ಮರುದಿನ ಅವರು ಪ್ರಿಂಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಈಗ ಸರಿಯಾಯಿತು" ಎಂದು ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು.

ಶುಕ್ರವಾರ ಸಮಿತಿಯವನು ಬಂದ. ನೋಡಿದ ಕೂಡಲೇ ಮುಖ ಗಂಟಾಯಿತು. "ಸೆರಗು ಎಲ್ಲಿಂದ ಬಂತು? ಮುಖದ ಮೇಲೆ ನೆರಳು ಬಿದ್ದಿದೆ. ಮೊದಲಿನದರಲ್ಲಿ ಅಳು ಚೆನ್ನಾಗಿ ಕಾಣುತ್ತಿತ್ತು."

"ನಿಮ್ಮ ಮೊಬೈಲಿನದನ್ನು ಆರಡಿಗೆ ಎಳೆದರೆ ಒಡೆದುಹೋಗುತ್ತದೆ. ಒಳ್ಳೆಯ ಪ್ರತಿ ಇರುವುದು ಇದೊಂದೇ" ಎಂದೆ. ಅರ್ಧ ನಿಜ.

ಹಾಗಾದರೆ ದರದಲ್ಲಾದರೂ ಸ್ವಲ್ಪ ಬಿಡಿ ಎಂದ. ಇಪ್ಪತ್ತನಾಲ್ಕು ಚದರಡಿಗೂ ಪೂರ್ತಿ ದುಡ್ಡು ಎಣಿಸಿಕೊಂಡೆ.