ಅವಧಿ ಸಿಕ್ಕಿತು, ಸಂಬಳ ಸಿಗಲಿಲ್ಲ

ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ವಿದೇಶಿ ಹಣದಲ್ಲಿ ನಡೆಯುತ್ತಿದ್ದ ಒಂದು ಸಂಶೋಧನೆಯಲ್ಲಿ ಫೀಲ್ಡ್ ಕೆಲಸ, ಲೆಕ್ಕಪತ್ರ ಎರಡೂ ನನ್ನ ತಲೆಗೆ ಬಿದ್ದಿದ್ದವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಪ್ರಾಜೆಕ್ಟ್ ನಿಂತೇ ಹೋಯಿತು ಅಂದುಕೊಂಡೆವು. ನಿಲ್ಲಲಿಲ್ಲ. ಹಣ ಕೊಡುವವರು ‘ನೋ ಕಾಸ್ಟ್ ಎಕ್ಸ್‌ಟೆನ್ಷನ್’ ಮಂಜೂರು ಮಾಡಿದರು.

ಕೇಳಲು ಚೆನ್ನಾಗಿದೆ, ಅಲ್ವಾ? ಅವಧಿ ಮುಂದಕ್ಕೆ ಹೋಗುತ್ತದೆ, ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. ಲ್ಯಾಬಿನ ಮೀಟರ್ ಮುಚ್ಚಿಟ್ಟರೆ ಸುಮ್ನೆ ಕೂತಿರುತ್ತದೆ. ಫೀಲ್ಡ್ ಹುಡುಗರಿಗೆ ತಿಂಗಳಾದರೆ ಸಂಬಳ ಬೇಕು. ಮನೆಯಲ್ಲಿದ್ದ ತಿಂಗಳುಗಳಿಗೂ ಕೊಟ್ಟೆವು, ಕೊಡಲೇಬೇಕಿತ್ತು. ಮತ್ತೆ ಹಳ್ಳಿಗಳಿಗೆ ಹೊರಡುವ ಹೊತ್ತಿಗೆ ಸಂಬಳದ ಬಾಬ್ತು ಖಾಲಿ. ಪ್ರಯಾಣದ ಬಾಬ್ತಿನಲ್ಲಿ ಹಣ ಹಾಗೇ ಇತ್ತು, ವಿಮಾನವೇ ಹಾರಿರಲಿಲ್ಲವಲ್ಲ! ಆದರೆ ಅದನ್ನು ಇದಕ್ಕೆ ತಿರುಗಿಸಲು ಅನುಮತಿ ಬೇಕು. ಅದು ಬರುವಷ್ಟರಲ್ಲಿ ಒಳ್ಳೆಯ ಹುಡುಗರು ಬೇರೆ ಕೆಲಸ ಹಿಡಿದಿದ್ದರು.

ದೊಡ್ಡ ಹೊಡೆತ ತಡವಾಗಿ ಬರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಬ್ರಿಟನ್ನನ್ನೇ ನೋಡಿ. ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.7ರಿಂದ 0.5ಕ್ಕೆ ಇಳಿಸುವುದಾಗಿ 2020ರ ನವೆಂಬರ್‌ನಲ್ಲಿ ಹೇಳಿದರು. ಆದಾಯವೇ ಕುಗ್ಗಿದ್ದ ವರ್ಷ ಅದು, ಹಾಗಾಗಿ ಎರಡು ಕಡೆಯಿಂದಲೂ ಕಡಿತ. 2021ರ ಮಾರ್ಚ್‌ನಲ್ಲಿ ಸಂಶೋಧನೆಗೆ ಸರ್ಕಾರದ ಹಣ ಹಂಚುವ ಅಲ್ಲಿನ ಸಂಸ್ಥೆ ಯುಕೆಆರ್‌ಐ, ಆಗಲೇ ಒಪ್ಪಿಕೊಂಡಿದ್ದ ಸಂಶೋಧನೆಗಳಿಗೆ 12 ಕೋಟಿ ಪೌಂಡ್ ಕೊರತೆಯಿದೆ ಎಂದು ತಿಳಿಸಿತು. ನಮ್ಮದು ಬ್ರಿಟನ್ ಹಣವಲ್ಲ. ಆದರೂ ಎದೆ ಢವಢವ.

ನಮ್ಮ ಕಡೆ ಇನ್ನೊಂದು. ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆಗೆ (ಎಫ್‌ಸಿಆರ್‌ಎ) 2020ರ ಸೆಪ್ಟೆಂಬರ್‌ನಲ್ಲಿ ಆದ ತಿದ್ದುಪಡಿ ಪ್ರಕಾರ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಕೊರೊನಾಗೂ ಇದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ನಮ್ಮಂಥವರಿಗೆ ದಾರಿಯೇ ಮುಚ್ಚಿತು.

ಒಂದು ಲಾಭವೂ ಆಯಿತು. ಮೊದಲು ಒಂದಷ್ಟು ಸ್ಯಾಂಪಲ್ ತಾಳೆ ನೋಡಲು ವಿದೇಶದ ಲ್ಯಾಬಿಗೆ ಹೋಗುತ್ತಿತ್ತು. ಕೊರಿಯರ್ ನಿಂತ ಮೇಲೆ ಅಲ್ಲಿನವರು ವಿಡಿಯೋ ಕಾಲ್‌ನಲ್ಲೇ ಹೇಳಿಕೊಟ್ಟರು: ಸ್ಯಾಂಪಲ್‌ಗೆ ಸಮಪಾಲು ಬಫರ್ (ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ) ಬೆರೆಸಿ, ಮೀಟರ್‌ನ ಎಲೆಕ್ಟ್ರೋಡ್ ಅದ್ದಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಇರುವ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿಯ ಆಸುಪಾಸಿನಲ್ಲಿರುವ ನೀರನ್ನೂ ಈಗ ನಾವೇ ಧೈರ್ಯವಾಗಿ ಅಳೆಯುತ್ತೇವೆ.

ಹೊಸ ಒಪ್ಪಂದ ಬಂದರೆ ಈಗ ನಾನು ಮೊದಲು ಓದುವುದು ಬಾಬ್ತು ಬದಲಾವಣೆಯ ಷರತ್ತು. ಪ್ರಯಾಣದ ಹಣವನ್ನು ಸಂಬಳಕ್ಕೆ ತಿರುಗಿಸಲು ಯಾರ ಸಹಿ ಬೇಕು, ಎಷ್ಟು ದಿನದಲ್ಲಿ ಸಿಗುತ್ತದೆ? ಇದನ್ನು ಬರೆದುಕೊಡಿ ಅಂತ ಕೇಳುತ್ತೇನೆ. ಕೆಲವರಿಗೆ ಕಿರಿಕಿರಿ ಆಗುತ್ತದೆ, ಆಗಲಿ.