59–52

ಈ ಸ್ಕೋರನ್ನು ತಿಪಟೂರಿನ ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಅವನು ಕೇಳಿದ್ದು ಒಂದೇ ಮಾತು: ‘ಕಬಡ್ಡಿನಾ?’

ಅವನ ತಪ್ಪೇನಿಲ್ಲ. ಫುಟ್‌ಬಾಲ್ ಅಂದರೆ ನಮಗೆ ಕಾಲಿನ ಆಟ, ಎರಡು ಗೋಲು ಬಿದ್ದರೆ ಹಬ್ಬ. ಅಮೆರಿಕದವರದು ಕೈಯ ಆಟ. ನನಗೂ ಅದು ಅರ್ಥವಾಗಿದ್ದು ಕಬಡ್ಡಿಯ ಮೂಲಕವೇ. ಇಲ್ಲೂ ಎದುರುಬದುರು ಸಾಲು ನಿಲ್ಲುತ್ತಾರೆ, ನುಗ್ಗಿದವನನ್ನು ನಾಲ್ಕು ಜನ ಬಿದ್ದು ಹಿಡಿಯುತ್ತಾರೆ, ಎಲ್ಲ ಜಗಳವೂ ಗೆರೆ ದಾಟುವುದಕ್ಕೆ. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಕೊನೆಯ ಗೆರೆ ದಾಟಿದರೆ 6 ಅಂಕ, ಮೇಲೊಂದು ಒದೆತಕ್ಕೆ 1. ಕಾಲೇಜಿನಲ್ಲಿ ಕಬಡ್ಡಿ ತಂಡದ ಎಕ್ಸ್‌ಟ್ರಾ ಪ್ಲೇಯರ್ ಆಗಿ ಮೂರು ವರ್ಷ ಬೆಂಚು ಕಾಯಿಸಿದವನಿಗೆ ಇಷ್ಟು ಸಾಕಾಯಿತು.

ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಇಲ್ಲಿನ ನಾರ್ತ್ ಸೆಂಟ್ರಲ್ ಕಾಲೇಜಿನ ಪಕ್ಕದ ಬೀದಿಯಲ್ಲೇ ನಡೆದು ಎಷ್ಟೋ ವರ್ಷ ರೈಲು ಹಿಡಿದಿದ್ದೇನೆ. ಒಂದು ದಿನವೂ ಒಳಗೆ ಇಣುಕಿರಲಿಲ್ಲ. ಒಳಗೆ ಎಳೆದುಕೊಂಡು ಹೋದವರು ಪಕ್ಕದ ಮನೆಯ ಅಜ್ಜ, ಅದೇ ಕಾಲೇಜಿನ ಹಳೆ ವಿದ್ಯಾರ್ಥಿ. 2019ರ ಸೆಪ್ಟೆಂಬರಿನ ಒಂದು ಶನಿವಾರ, ಕೆಂಪು ಟೋಪಿಯೊಂದನ್ನು ನನ್ನ ತಲೆಗೂ ಹಾಕಿ, ‘ಈ ಹುಡುಗರು ಆಟಕ್ಕೆಂದು ಒಂದು ಡಾಲರ್ ಸ್ಕಾಲರ್‌ಶಿಪ್ಪೂ ಪಡೆಯಲ್ಲ, ಗೊತ್ತಾ?’ ಅಂದರು. ನಿಜ. ಇವರದು ಅಮೆರಿಕದ ಕಾಲೇಜು ಕ್ರೀಡೆಯ ಮೂರನೇ ಡಿವಿಜನ್. ಟಿವಿಯಲ್ಲಿ ಬರುವ ದೊಡ್ಡ ಯೂನಿವರ್ಸಿಟಿಗಳ ಲಕ್ಷ ಜನರ ಸ್ಟೇಡಿಯಂ ಇಲ್ಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಆಟಗಾರನೊಬ್ಬನ ಅಮ್ಮ ಕಂಬಳಿ ಹೊದ್ದು ಕೂತು, ಮಗ ಬಿದ್ದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಗಳಿಗೆ ಬೇರೆಯೇ ಕಾರಣ. ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಬ್ರಾಕ್ ರಟರ್ ಓದಿದ್ದು ಅವಳದೇ ಹೈಸ್ಕೂಲು, ನ್ಯೂಕ್ವಾ ವ್ಯಾಲಿಯಲ್ಲಿ. ‘ನಮ್ಮ ಸ್ಕೂಲಿನವನು’ ಅಂತ ಅವಳು ಹೇಳುವಾಗ ಅವನಿಗೆ ತಾನೇ ಎಸೆತ ಕಲಿಸಿದ ಧಾಟಿ.

ಲೀಗ್‌ನಲ್ಲಿ ಸೋತಿದ್ದು ಒಂದೇ ಪಂದ್ಯ, ಆದರೆ ಸೋಲಬಾರದವರ ಕೈಲಿ ಸೋತರು. ಪಕ್ಕದೂರು ವೀಟನ್. ಆ ಎರಡು ಕಾಲೇಜುಗಳ ನಡುವೆ ಒಂದು ಪುಟ್ಟ ಹಿತ್ತಾಳೆ ಗಂಟೆಗಾಗಿ ಹಳೆಯ ಹಠವಿದೆ. ಗೆದ್ದವರು ಗಂಟೆ ಒಯ್ಯುತ್ತಾರೆ. ಅಜ್ಜ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಲೀಗ್ ಪಟ್ಟವೂ ವೀಟನ್‌ಗೇ ಹೋಯಿತು. ರಾಷ್ಟ್ರೀಯ ಪಟ್ಟಕ್ಕಾಗಿ ನಡೆದ, ಸೋತರೆ ಹೊರಬೀಳುವ 32 ತಂಡಗಳ ಪ್ಲೇಆಫ್‌ಗೆ ನಮ್ಮವರು ಬಂದದ್ದು ನೇರ ಬಾಗಿಲಿನಿಂದಲ್ಲ, ಆಯ್ಕೆ ಸಮಿತಿ ಕರೆದದ್ದರಿಂದ.

ಮೊದಲ ಸುತ್ತಿನಲ್ಲಿ ವಬಾಷ್ ಕಾಲೇಜನ್ನು ಸುಲಭವಾಗಿ ಮುಗಿಸಿದರು. ಎರಡನೆಯದಕ್ಕೆ ಹೋಗಬೇಕಾದದ್ದು ಓಹಾಯೋದ ಅಲಯನ್ಸ್‌ಗೆ, ಮೌಂಟ್ ಯೂನಿಯನ್ ಮೈದಾನಕ್ಕೆ. ಅದು 13 ಸಲ ಚಾಂಪಿಯನ್ ಆದ ಕಾಲೇಜು. ಅಜ್ಜನಿಗೇ ನಂಬಿಕೆ ಇರಲಿಲ್ಲ.

ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ವಾರದ ಶನಿವಾರ. ನಮ್ಮ ಮನೆಗೆ ನಾಲ್ಕು ಸಂಸಾರ ಊಟಕ್ಕೆ ಬರುವುದಿತ್ತು. ಬಿಸಿಬೇಳೆಬಾತಿನ ಜವಾಬ್ದಾರಿ ನನ್ನದು. ಲ್ಯಾಪ್‌ಟಾಪನ್ನು ಒಲೆಯ ಪಕ್ಕ ಇಟ್ಟುಕೊಂಡೆ. ಅಜ್ಜ ಬಂದು ಅಡುಗೆಮನೆ ಸ್ಟೂಲಿನ ಮೇಲೆ ಕೂತರು. ಇವರು ಗೆರೆ ದಾಟಿದರೆ ಅವರೂ ದಾಟುತ್ತಾರೆ, ಅವರು ದಾಟಿದರೆ ಇವರು. ಹಿಡಿಯುವವರಿಗೆ ಕೈಯೇ ಇಲ್ಲವೇನೋ ಅನ್ನಿಸಿತು. ‘ರೀ, ತಳ ಹತ್ತುತ್ತಿದೆ!’ ಅಂತ ಹೆಂಡತಿ ಹಾಲ್‌ನಿಂದ ಕೂಗಿದಳು. ನಾನು ಸೌಟು ಹಿಡಿದೇ ನಿಂತಿದ್ದೆ, ತಿರುಗಿಸಲಿಲ್ಲ. ಎರಡೂ ಕಡೆ ಸೇರಿ 111 ಅಂಕ. ಕೊನೆಯಲ್ಲಿ ಉಳಿದ ಅಂತರ ಏಳು, ಅಂದರೆ ಒಂದು ಸಲ ಗೆರೆ ದಾಟಿ ಒಂದು ಒದೆತ. ಗೆದ್ದವರು ನಮ್ಮವರು. ಅಜ್ಜ ಸ್ಟೂಲಿನಿಂದ ಇಳಿಯದೆ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ಹೊತ್ತಿದ ಬಾತನ್ನು ಮೇಲಿನಿಂದ ಮೆಲ್ಲಗೆ ತೆಗೆದು ಬಡಿಸಿದೆವು. ‘ಸ್ಮೋಕ್ಡ್ ಫ್ಲೇವರ್ ಚೆನ್ನಾಗಿದೆ’ ಅಂದವರೂ ಒಬ್ಬರಿದ್ದರು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಡೆಲವೇರ್ ವ್ಯಾಲಿ ಬಿತ್ತು, ಮ್ಯೂಲನ್‌ಬರ್ಗ್ ಬಿತ್ತು. ಡಿಸೆಂಬರ್ 20, ಶುಕ್ರವಾರ, ಟೆಕ್ಸಾಸಿನ ಶೆನಾಂಡೋವದಲ್ಲಿ ಫೈನಲ್. ಎದುರಾಳಿ ವಿಸ್ಕಾನ್ಸಿನ್‌ನ ವೈಟ್‌ವಾಟರ್, ಆರು ಸಲ ಪಟ್ಟ ಗೆದ್ದವರು. ನಾವು ಊರಿಗೆ ಹೊರಟ ರಾತ್ರಿಯೂ ಅದೇ. ಒಹೇರ್ ನಿಲ್ದಾಣದ ಗೇಟಿನಲ್ಲಿ ಮಗಳೂ ನಾನೂ ಒಂದೇ ಫೋನಿಗೆ ತಲೆ ತಗುಲಿಸಿ ಕೂತಿದ್ದೆವು. ಆಟ ಮುಗಿಯುವ ಮೊದಲೇ ವಿಮಾನ ಹತ್ತಬೇಕಾಯಿತು. ದೋಹಾದಲ್ಲಿ ಇಳಿದು ವೈಫೈ ಸಿಕ್ಕಿದ ಕೂಡಲೇ ಮಗಳು ಕಿರುಚಿದ ರೀತಿಗೆ ಅಕ್ಕಪಕ್ಕದವರು ತಿರುಗಿ ನೋಡಿದರು. 41–14. ಫುಟ್‌ಬಾಲ್‌ನಲ್ಲಿ ಕಾಲೇಜಿಗೆ ಅದು ಮೊಟ್ಟಮೊದಲ ರಾಷ್ಟ್ರೀಯ ಪಟ್ಟ. ಅಜ್ಜನಿಂದ ಮೆಸೇಜ್ ಬಂದಿತ್ತು: ಪದ ಒಂದೂ ಇಲ್ಲ, ತಂಡದ ಗುರುತಾದ ಕೆಂಪು ಹಕ್ಕಿಗಳು, ಹದಿನೈದು.

ತಿಪಟೂರು ತಲುಪಿದಾಗ ಬೆಳಗಿನ ಜಾವ. ಅಪ್ಪ ಗೇಟು ತೆಗೆಯುತ್ತಿದ್ದಂತೆ ತಡೆಯಲಾಗದೆ ಹೇಳಿದೆ: ‘ಅಪ್ಪಾ, ನಮ್ಮೂರಿನ ಕಾಲೇಜು ಗೆದ್ದುಬಿಡ್ತು!’

ಅಪ್ಪ ಸೂಟ್‌ಕೇಸಿಗೆ ಕೈಹಾಕುತ್ತಾ ಕೇಳಿದರು: ‘ಹೌದೇನೋ? ಯಾರ ಮೇಲೆ, ಅರಸೀಕೆರೆಯವರ ಮೇಲಾ?’