ನ್ಯೂ ಸೌತ್ ವೇಲ್ಸ್ ಮೇಲ್ಮನೆ ಸದಸ್ಯರ ಪಟ್ಟಿ: ಈವರೆಗಿನ ಪ್ರಗತಿ

ಎರಡು ಮಹಾಯುದ್ಧಗಳ ನಡುವೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನೆಯಲ್ಲಿ ಸದಸ್ಯರಾಗಿದ್ದವರ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ಈಗ 1934ರ ಏಪ್ರಿಲ್‌ವರೆಗೆ ಬಂದಿದೆ. ಕೆಳಮನೆಯ ಪಟ್ಟಿಯನ್ನು ಚುನಾವಣೆಗಳ ಲೆಕ್ಕದಲ್ಲಿ ವಿಂಗಡಿಸಬಹುದು. ಇಲ್ಲಿ ಅದು ಸಾಧ್ಯವಾಗಲಿಲ್ಲ. ಸರ್ಕಾರದ ಸಲಹೆಯಂತೆ ಗವರ್ನರ್ ಮಾಡುತ್ತಿದ್ದ ನೇಮಕ ಆಜೀವವಾಗಿತ್ತು, ಸದಸ್ಯರ ಸಂಖ್ಯೆಗೆ ಮಿತಿಯಿರಲಿಲ್ಲ, ಸಂಬಳವೂ ಇರಲಿಲ್ಲ. ಹೀಗಾಗಿ ಅವಧಿಯ ಅಂಕಣವನ್ನು ಕೈಬಿಟ್ಟು, ನೇಮಕವಾದ ದಿನ, ಸ್ಥಾನ ತೆರವಾದ ದಿನ ಮತ್ತು ತೆರವಿನ ಕಾರಣ ಎಂಬ ಮೂರು ಅಂಕಣಗಳನ್ನು ಇಟ್ಟುಕೊಂಡಿದ್ದೇನೆ.

ಹೆಸರುಗಳನ್ನು ನೇಮಕದ ದಿನಾಂಕದಂತೆ ಜೋಡಿಸಿದಾಗ ರಾಜಕೀಯದ ಏರಿಳಿತ ಪಟ್ಟಿಯಲ್ಲೇ ಕಾಣತೊಡಗಿತು. 1925ರ ಡಿಸೆಂಬರ್‌ನಲ್ಲಿ 25 ಹೆಸರುಗಳು ಒಟ್ಟಿಗೆ ಸೇರುತ್ತವೆ. ಮೇಲ್ಮನೆಯನ್ನೇ ರದ್ದುಪಡಿಸಬೇಕೆಂದು ಹೊರಟಿದ್ದ ಲೇಬರ್ ಪಕ್ಷದ ಪ್ರೀಮಿಯರ್ (ರಾಜ್ಯ ಸರ್ಕಾರದ ಮುಖ್ಯಸ್ಥ) ಜ್ಯಾಕ್ ಲ್ಯಾಂಗ್ ಅವರು ಗವರ್ನರ್ ಸರ್ ಡಡ್ಲಿ ಡಿ ಚೇರ್ ಅವರಿಂದ ಪಡೆದ ನೇಮಕಗಳಿವು. ಆದರೆ 1926ರ ಆರಂಭದಲ್ಲಿ ಲೇಬರ್ ಸದಸ್ಯರಲ್ಲೇ ಕೆಲವರು ಕೈಕೊಟ್ಟಿದ್ದರಿಂದ ರದ್ದತಿಯ ಮಸೂದೆ ಬಿದ್ದುಹೋಯಿತು. ಪಕ್ಷದ ಹೆಸರನ್ನಷ್ಟೇ ಬರೆದರೆ ಈ ಸಂಗತಿ ಮರೆಯಾಗುತ್ತದೆಯಾದ್ದರಿಂದ, ಮತದಾನದ ನಿಲುವಿಗೂ ಒಂದು ಅಂಕಣ ಬೇಕೇಬೇಕೆಂದು ನನಗನ್ನಿಸಿದೆ.

1931ರ ನವೆಂಬರ್‌ನಲ್ಲಿ, ಗವರ್ನರ್ ಸರ್ ಫಿಲಿಪ್ ಗೇಮ್ ಅವರ ಕಾಲದಲ್ಲಿ, ಮತ್ತೆ 25 ಮಂದಿಯ ನೇಮಕವಾಯಿತು. ಈ ತಂಡದಲ್ಲಿರುವ ಕ್ಯಾಥರೀನ್ ಗ್ರೀನ್ ಮತ್ತು ಎಲೆನ್ ವೆಬ್‌ಸ್ಟರ್ ಆ ಮನೆಯ ಮೊದಲ ಮಹಿಳಾ ಸದಸ್ಯರು. ಅಷ್ಟು ಮಹತ್ವದ ಹೆಸರುಗಳು ಗುಂಪಿನಲ್ಲಿ ಕಳೆದುಹೋಗಬಾರದೆಂದು ಇಬ್ಬರಿಗೂ ಪ್ರತ್ಯೇಕ ಟಿಪ್ಪಣಿ ಬರೆದಿದ್ದೇನೆ.

ಅತಿ ಹೆಚ್ಚು ಸಮಯ ಹಿಡಿದದ್ದು 1916ರಲ್ಲಿ ನೇಮಕಗೊಂಡಿದ್ದ ಆರ್ಥರ್ ಟ್ರೆಥೋವನ್ ಅವರ ಟಿಪ್ಪಣಿ. ಜನಮತಗಣನೆಯಿಲ್ಲದೆ ಮೇಲ್ಮನೆಯನ್ನು ರದ್ದುಪಡಿಸುವಂತಿಲ್ಲವೆಂದು 1929ರಲ್ಲಿ ಆಗಿನ ಪ್ರೀಮಿಯರ್ ಥಾಮಸ್ ಬೇವಿನ್ ಅವರ ಸರ್ಕಾರ ಸಂವಿಧಾನ ಕಾಯ್ದೆಗೆ 7ಎ ಕಲಮನ್ನು ಸೇರಿಸಿತ್ತು. ಮತ್ತೆ ಅಧಿಕಾರಕ್ಕೆ ಬಂದ ಲ್ಯಾಂಗ್ ಅವರ ರದ್ದತಿ ಮಸೂದೆಗಳು 1930ರ ಡಿಸೆಂಬರ್‌ನಲ್ಲಿ ಎರಡೂ ಮನೆಗಳ ಅಂಗೀಕಾರ ಪಡೆದಾಗ, ಅವುಗಳನ್ನು ಗವರ್ನರ್ ಅಂಕಿತಕ್ಕೆ ಕಳಿಸಬಾರದೆಂದು ಟ್ರೆಥೋವನ್ ಮತ್ತಿತರ ಸದಸ್ಯರು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನಲ್ಲಿ 3-2ರ ಬಹುಮತದಿಂದ ಗೆದ್ದ ಅವರ ವಾದವನ್ನು 1932ರಲ್ಲಿ, ಆಗ ಅಂತಿಮ ಮೇಲ್ಮನವಿಗಳನ್ನು ಆಲಿಸುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಎತ್ತಿಹಿಡಿಯಿತು. ಮನೆಯ ಸದಸ್ಯರೇ ಮನೆಯನ್ನು ಉಳಿಸಿಕೊಂಡ ಈ ಪ್ರಕರಣವೇ ಇಡೀ ಪಟ್ಟಿಯ ತಿರುಳೆಂಬುದು ನನ್ನ ಅಭಿಪ್ರಾಯ.

1933ರ ಮೇ ತಿಂಗಳ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ಒಪ್ಪಿಗೆ ಪಡೆದ ಸುಧಾರಣೆಯಂತೆ, 1934ರ ಏಪ್ರಿಲ್‌ನಲ್ಲಿ ಆಜೀವ ಸದಸ್ಯತ್ವಗಳೆಲ್ಲ ಒಮ್ಮೆಗೇ ಕೊನೆಗೊಂಡವು. ಅವುಗಳ ಜಾಗಕ್ಕೆ ಎರಡೂ ಮನೆಗಳ ಸದಸ್ಯರು ಚುನಾಯಿಸಿದ 60 ಮಂದಿ ಬಂದರು. 12 ವರ್ಷಗಳ ಅವಧಿ, 3 ವರ್ಷಕ್ಕೊಮ್ಮೆ 15 ಮಂದಿಯ ನಿವೃತ್ತಿ ಎಂಬುದು ಹೊಸ ನಿಯಮ. ಮೊದಲ 60 ಮಂದಿಯನ್ನು 3, 6, 9 ಮತ್ತು 12 ವರ್ಷಗಳ ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಅವರಲ್ಲಿ ಹಳೆಯ ಆಜೀವ ಸದಸ್ಯರು ಯಾರು ಯಾರೆಂದು ಗುರುತಿಸುವುದು ಮುಂದಿನ ಹಂತದ ಕೆಲಸ.